ತುಕ್ಕು ಕಚ್ಚಿದ ಎಬಿಎಸ್ ಸೆನ್ಸರ್ ಬಿಡಿಸಿದ ನನ್ನ ಅನುಭವ

ಕುಂದಾಪುರದಲ್ಲಿ ಕಡಲಿಗೆ ಹತ್ತಿರ ನಮ್ಮ ಮನೆ. ಗೇಟು, ಸೈಕಲ್ಲು, ಕಿಟಕಿ ಸರಳು, ಯಾವುದನ್ನೂ ಇಲ್ಲಿನ ಉಪ್ಪು ಗಾಳಿ ಬಿಡುವುದಿಲ್ಲ. ನನ್ನ ಕಾರು 2009ರದ್ದು, ಇಷ್ಟೂ ಮಳೆಗಾಲ ಹೊರಗೆ ನಿಂತೇ ಕಳೆದಿದೆ. ಹೋದ ಮಳೆಗಾಲದಲ್ಲಿ ಹೊಸ ತೊಂದರೆ ಶುರುವಾಯಿತು. ಶಾಸ್ತ್ರಿ ಸರ್ಕಲ್ ಹತ್ತಿರ ಮೆಲ್ಲಗೆ ಬ್ರೇಕ್ ಒತ್ತಿ ಇನ್ನೇನು ಕಾರು ನಿಲ್ಲಬೇಕು, ಆಗ ಹತ್ತು ಹನ್ನೆರಡು ಕಿ.ಮೀ. ವೇಗದಲ್ಲಿ ಪೆಡಲ್ ಗರಗರ ಅಂತ ಕಾಲಿಗೆ ಒದೆಯುತ್ತಿತ್ತು. ಒಣ ರಸ್ತೆಯಲ್ಲೂ ಹಾಗೇ. ಎರಡು ತಿಂಗಳಾದ ಮೇಲೆ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆಯ ದೀಪ ಹತ್ತಿಕೊಂಡಿತು, ಮತ್ತೆ ಆರಲೇ ಇಲ್ಲ.

ಗ್ಯಾರೇಜಿನಲ್ಲಿ ತೋರಿಸಿದೆ. "ಹಳೇ ಗಾಡಿ ಅಲ್ವಾ ಸರ್, ಫ್ಯೂಸ್ ತೆಗೆದುಬಿಡುವ. ಬ್ರೇಕ್ ಹೇಗೂ ಹಿಡಿಯುತ್ತದೆ" ಅಂದರು. ಬ್ರೇಕ್ ಹಿಡಿಯುತ್ತದೆ, ನಿಜ. ಆದರೆ ನಾನು ತಿಂಗಳಿಗೊಮ್ಮೆ ಬಾಳೆಬರೆ ಘಾಟಿ ಹತ್ತಿ ಹೊಸನಗರಕ್ಕೆ ಅಕ್ಕನ ಮನೆಗೆ ಹೋಗುವವನು. ಆ ತಿರುವುಗಳಲ್ಲಿ ಜುಲೈ ಮಳೆಗೆ ಚಕ್ರ ಲಾಕ್ ಆದರೆ ಏನಾಗುತ್ತದೆ ಅಂತ ಗೊತ್ತು. ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಆದದ್ದು 2019ರ ಏಪ್ರಿಲ್‌ನಲ್ಲಿ. ನಾನು ಅದಕ್ಕೆ ಹತ್ತು ವರ್ಷ ಮೊದಲೇ ಜಾಸ್ತಿ ದುಡ್ಡು ಕೊಟ್ಟು ಎಬಿಎಸ್ ಇರುವ ಮಾಡೆಲ್ ತಗೊಂಡಿದ್ದೆ. ಫ್ಯೂಸ್ ತೆಗೆಯಲು ಮನಸ್ಸು ಒಪ್ಪಲಿಲ್ಲ.

ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಎಬಿಎಸ್‌ಗೆ ಹೇಳುವ ಸೆನ್ಸರ್ ಕೆಟ್ಟಿರಬೇಕು ಅನ್ನಿಸಿತು. ಮೊದಲು ಯಾವ ಚಕ್ರದ್ದು ಅಂತ ಖಾತ್ರಿ ಮಾಡಿಕೊಂಡೆ. ಈ ಹೆಜ್ಜೆ ಬಿಡಲೇಬೇಡಿ, ಯಾಕೆಂದರೆ ತುಕ್ಕು ಕಚ್ಚಿದ ಸೆನ್ಸರ್ ಇಡಿಯಾಗಿ ಹೊರಗೆ ಬರುವುದು ಅಪರೂಪ, ತೆಗೆದ ಮೇಲೆ ದೋಷ ಇದ್ದದ್ದು ವೈರಿನಲ್ಲಿ ಅಂತ ಗೊತ್ತಾದರೆ ಒಳ್ಳೆಯ ಸೆನ್ಸರನ್ನೇ ಮುರಿದಂತಾಗುತ್ತದೆ. ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್‌ಗಳಲ್ಲಿ ಅಗ್ಗದವು ಎಷ್ಟೋ ಸಲ ಎಂಜಿನ್ನಿನ ಕೋಡ್ ಮಾತ್ರ ಓದುತ್ತವೆ. ಎಬಿಎಸ್ ಓದುವಂಥದ್ದನ್ನು ಒಬ್ಬ ಗೆಳೆಯನಿಂದ ತಂದೆ. ಮುಂದಿನ ಎಡ ಚಕ್ರ ಅಂತ ತೋರಿಸಿತು. ನನ್ನದು ಹಳೆಯ ಬಗೆಯ ಸೆನ್ಸರ್, ಒಳಗೆ ಆಯಸ್ಕಾಂತ ಮತ್ತು ಕಾಯಿಲ್, ಅಂದರೆ ತಂತಿಯ ಸುರುಳಿ, ಅಷ್ಟೇ. ಮಲ್ಟಿಮೀಟರ್ ಇಟ್ಟರೆ ಬಲಗಡೆ ಸುಮಾರು 1.2 ಕಿಲೋ ಓಮ್ ಬಂತು, ಎಡಗಡೆ ಏನೂ ಬರಲಿಲ್ಲ. ಕಾಯಿಲ್ ತುಂಡಾಗಿದೆ. ಈಚಿನ ಕಾರುಗಳಲ್ಲಿ ಇರುವುದು ಎಲೆಕ್ಟ್ರಾನಿಕ್ ಚಿಪ್ ಇರುವ ಸೆನ್ಸರ್. ಅದಕ್ಕೆ ಓಮ್ ಅಳತೆ ಹಾಕಬೇಡಿ, ಸ್ಕ್ಯಾನರ್‌ನಲ್ಲೇ ನೋಡಿ.

ಇದು ಯಾಕೆ ಹೀಗೆ ಕಚ್ಚುತ್ತದೆ ಅಂದರೆ, ಸೆನ್ಸರ್ ಮೈ ಪ್ಲಾಸ್ಟಿಕ್, ಅದು ಕೂರುವ ತೂತು ನಕಲ್‌ನಲ್ಲಿ, ಅಂದರೆ ಚಕ್ರದ ಬೇರಿಂಗ್ ಹಿಡಿದಿರುವ ದಪ್ಪ ಕಬ್ಬಿಣದಲ್ಲಿ. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಜಾಸ್ತಿ ಜಾಗ ಬೇಕು. ಆ ತುಕ್ಕು ಸುತ್ತಲಿಂದ ಪ್ಲಾಸ್ಟಿಕ್ಕನ್ನು ಹಿಂಡುತ್ತದೆ, ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಎತ್ತಿದಾಗ ಸೆನ್ಸರ್ ತುದಿಗೂ ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗ್‌ಗೂ ಇರುವ ಸಣ್ಣ ಸಂದು ದೊಡ್ಡದಾಗುತ್ತದೆ. ಕಾರು ನಿಧಾನವಾದಾಗ ಸಿಗ್ನಲ್ ಮೊದಲೇ ಸಣ್ಣದು, ಅದೂ ಸಿಗದೆ ಹೋದರೆ ಚಕ್ರ ನಿಂತೇ ಹೋಯಿತು ಅಂತ ಎಬಿಎಸ್ ತಿಳಿದುಕೊಂಡು ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ. ನನ್ನ ಪೆಡಲ್ ಒದೆಯುತ್ತಿದ್ದದ್ದು ಇದಕ್ಕೇ. ಕೊನೆಗೆ ಮೈ ಬಿರುಕು ಬಿಟ್ಟು, ನೀರು ಇಳಿದು, ಕಾಯಿಲ್ ಹೋಗಿದೆ.

ಹೊಸ ಸೆನ್ಸರ್ ತಂದು ಕೈಯಲ್ಲಿಟ್ಟುಕೊಂಡೇ ಕೆಲಸ ಶುರು ಮಾಡಿದೆ. ಮೂರು ದಿನ ಮೊದಲಿಂದ ಬೆಳಿಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಿದ್ದೆ, ಬ್ರೇಕ್ ಡಿಸ್ಕಿಗೆ ತಾಗದ ಹಾಗೆ ಬಟ್ಟೆ ಮುಚ್ಚಿ. ಹಿಂದಿನ ಚಕ್ರಗಳಿಗೆ ಮರದ ಅಡ್ಡ ಕೊಟ್ಟು, ಜ್ಯಾಕ್ ಎತ್ತಿ, ಕಡ್ಡಾಯವಾಗಿ ಸ್ಟ್ಯಾಂಡ್ ಇಟ್ಟೆ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕಬಾರದು. ಬೋಲ್ಟ್ 10 ಎಂಎಂ ತಲೆಯದು, ಸಣ್ಣದು. ಸ್ವಲ್ಪ ಬಿಚ್ಚು, ಸ್ವಲ್ಪ ಬಿಗಿ ಮಾಡು, ಮತ್ತೆ ಎಣ್ಣೆ, ಹೀಗೆ ಕಾಲು ಗಂಟೆ ಮಾಡಿ ಮುರಿಯದೆ ತೆಗೆದೆ. ಸೆನ್ಸರ್ ಮಾತ್ರ ಕದಲಲಿಲ್ಲ. ವೈರ್ ಹಿಡಿದು ಎಳೆಯಲು ಹೋಗಲಿಲ್ಲ, ವೈರ್ ಕಿತ್ತು ಬರುತ್ತದೆ ಅಷ್ಟೇ. ಕಿವಿಯ ಹಾಗೆ ಚಾಚಿರುವ ಭಾಗವನ್ನು ಸ್ಪ್ಯಾನರ್‌ನಿಂದ ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ಕಟ್ ಅಂತ ಕಿವಿ ಮುರಿಯಿತು. ಮೈ ತೂತಿನಲ್ಲೇ ಉಳಿಯಿತು.

ಇಲ್ಲಿಂದ ಮುಂದೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಸೆನ್ಸರ್ ಹೇಗೂ ಹೋಯಿತು, ಉಳಿಸಬೇಕಾದ್ದು ಆ ತೂತು. ತೂತು ಕೆಟ್ಟರೆ ನಕಲ್ಲನ್ನೇ ಬದಲಿಸಬೇಕು. ಜೊತೆಗಿದ್ದ ಅಕ್ಕನ ಮಗ "ಮಾವ, ಗ್ಯಾಸ್ ಟಾರ್ಚ್ ತರಲಾ?" ಅಂದ. ಬೇಡ ಅಂದೆ. ಪ್ಲಾಸ್ಟಿಕ್ ಕರಗಿ ಇನ್ನೂ ಅಂಟಿಕೊಳ್ಳುತ್ತದೆ, ಪಕ್ಕದಲ್ಲೇ ಬ್ರೇಕ್ ಹೋಸ್, ಬೇರಿಂಗಿನ ಗ್ರೀಸ್ ಎಲ್ಲ ಇದೆ. 3 ಎಂಎಂ ಬಿಟ್ ಹಾಕಿ ನಡುವೆ ಡ್ರಿಲ್ ಮಾಡಿದೆ. ಪ್ಲಾಸ್ಟಿಕ್ ಬೆಣ್ಣೆಯ ಹಾಗೆ ಹೋಯಿತು, ಆಮೇಲೆ ಏನೋ ಗಟ್ಟಿ ತಾಗಿ ಬಿಟ್ ಪಕ್ಕಕ್ಕೆ ಜಾರತೊಡಗಿತು. ಕಾಯಿಲ್ ನಡುವೆ ಇರುವ ಉಕ್ಕಿನ ಪಿನ್ ಅದು. ಅಲ್ಲೇ ನಿಲ್ಲಿಸಿದೆ. ಹಟ ಮಾಡಿದ್ದರೆ ಬಿಟ್ ತೂತಿನ ಗೋಡೆಯನ್ನೇ ಕೊರೆಯುತ್ತಿತ್ತು.

ಉಳಿದ ದಾರಿ ಒಳಗಿನಿಂದ ತಳ್ಳುವುದು. ನನ್ನ ಕಾರಿನಲ್ಲಿ ಈ ತೂತು ಆಚೆ ಕಡೆಗೂ ತೆರೆದಿದೆ, ಹಲ್ಲಿನ ರಿಂಗ್ ಇರುವುದು ಡ್ರೈವ್ ಶಾಫ್ಟ್ ಮೇಲೆ, ಅಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬರುವ ದಂಡದ ಮೇಲೆ. ಹಾಗಾಗಿ ಮೊದಲು ಆ ಶಾಫ್ಟನ್ನು ಅಡ್ಡದಿಂದ ಸರಿಸಬೇಕು. ಚಕ್ರ ವಾಪಸ್ ಹಾಕಿ, ಕಾರು ನೆಲಕ್ಕಿಳಿಸಿ, ಅಕ್ಕನ ಮಗ ಬ್ರೇಕ್ ಒತ್ತಿಕೊಂಡಿರುವಾಗ ಉದ್ದನೆಯ ಪೈಪ್ ಹಾಕಿ ಹಬ್ ನಟ್ಟು, ಅಂದರೆ ಚಕ್ರದ ನಡುವೆ ಶಾಫ್ಟ್ ಹಿಡಿದಿರುವ ದೊಡ್ಡ ನಟ್ಟು, ಸಡಿಲ ಮಾಡಿದೆ. ಮತ್ತೆ ಎತ್ತಿ, ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಬಿಚ್ಚಿ ಸ್ಪ್ರಿಂಗ್‌ಗೆ ತಂತಿಯಲ್ಲಿ ಕಟ್ಟಿದೆ. ಹೋಸ್ ಮೇಲೆ ಅದನ್ನು ನೇತು ಹಾಕಬಾರದು. ನಕಲ್ಲನ್ನು ಕೆಳಗೆ ಹಿಡಿದಿರುವ ಬಾಲ್ ಜಾಯಿಂಟ್ ಬಿಡಿಸಿ ನಕಲ್ಲನ್ನು ಹೊರಗೆ ಎಳೆದರೆ ಶಾಫ್ಟ್ ಹಬ್‌ನಿಂದ ಕಳಚಿಕೊಂಡಿತು. ಶಾಫ್ಟನ್ನು ಮಾತ್ರ ಹೊರಕ್ಕೆ ಎಳೆಯಬೇಡಿ, ಗೇರ್‌ಬಾಕ್ಸ್ ಕಡೆ ಕಿತ್ತುಬರಬಹುದು. ಒಳಗಿನಿಂದ ಚಪ್ಪಟೆ ತುದಿಯ ಪಂಚ್ ಇಟ್ಟು ನಾಲ್ಕು ಸಣ್ಣ ಏಟು. ಐದನೆಯದಕ್ಕೆ ಸೆನ್ಸರ್ ತುಕ್ಕಿನ ಪುಡಿಯ ಸಮೇತ ಹೊರಗೆ ಬಂತು. ಬೆಳಿಗ್ಗೆಯಿಂದ ಬಗ್ಗಿದ ಬೆನ್ನಿಗೆ ಆಗ ಸಮಾಧಾನ!

ತೂತು ತೊಳೆಯಲು ಒಂದು ಗಂಟೆ ಕೊಟ್ಟೆ. ಬೇರಿಂಗಿಗೆ ಪುಡಿ ಬೀಳದ ಹಾಗೆ ಒಳಗೆ ಬಟ್ಟೆ ತುರುಕಿ, ಮರದ ಕಡ್ಡಿಗೆ 120 ನಂಬರಿನ ಉಪ್ಪುಕಾಗದ ಸುತ್ತಿ ತಿಕ್ಕಿದೆ. ಬೋಲ್ಟ್ ಪಕ್ಕದ ಚಪ್ಪಟೆ ಜಾಗವನ್ನೂ ಹೊಳೆಯುವ ತನಕ ತಿಕ್ಕಬೇಕು, ಅಲ್ಲಿ ತುಕ್ಕಿನ ಪದರ ಉಳಿದರೆ ಹೊಸ ಸೆನ್ಸರ್ ಸಹ ಎತ್ತರದಲ್ಲೇ ಕೂರುತ್ತದೆ. ಬ್ರೇಕ್ ಕ್ಲೀನರ್ ಹೊಡೆದು ಒರೆಸಿ, ಗೋಡೆಗೆ ತೆಳ್ಳಗೆ ಸೆರಾಮಿಕ್ ಗ್ರೀಸ್ ಹಚ್ಚಿದೆ, ಸೆನ್ಸರ್ ತುದಿಗೆ ಹಚ್ಚಲಿಲ್ಲ. ಹಲ್ಲಿನ ರಿಂಗ್ ಬಿರುಕು ಬಿಟ್ಟಿದೆಯಾ ಅಂತ ಸುತ್ತ ನೋಡಿದೆ, ಸರಿ ಇತ್ತು. ಹೊಸ ಸೆನ್ಸರ್ ಬೆರಳಲ್ಲಿ ಒತ್ತಿದರೆ ಹೋಗಬೇಕು. ಸುತ್ತಿಗೆ ಬೇಕು ಅನ್ನಿಸಿದರೆ ತೂತು ಇನ್ನೂ ಶುದ್ಧ ಆಗಿಲ್ಲ ಅಂತ ಅರ್ಥ. ಬೋಲ್ಟ್ ಹೊಸದು ಹಾಕಿ ಹದವಾಗಿ ಬಿಗಿ ಮಾಡಿದೆ. ಹಬ್ ನಟ್ಟನ್ನೂ ಹೊಸದೇ ಹಾಕಿ, ಬಿಗಿ ಎಷ್ಟು ಅಂತ ತೋರಿಸುವ ಟಾರ್ಕ್ ರೆಂಚ್ ತಂದು ಕಂಪನಿ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿದೆ. ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ವೈರ್ ಎಳೆಯುವುದಿಲ್ಲ ಅಂತ ನೋಡಿಕೊಂಡೆ.

ಕಾರು ಹೊರಡಿಸಿ ಇಪ್ಪತ್ತು ಕಿ.ಮೀ. ವೇಗ ಮುಟ್ಟುವಷ್ಟರಲ್ಲಿ ದೀಪ ಆರಿತು. ನಿಲ್ಲಿಸುವಾಗ ಪೆಡಲ್ ಒದೆಯಲಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದ ಕಡೆ, ಒದ್ದೆ ಮಣ್ಣಿನ ರಸ್ತೆಯಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿ ನೋಡಿದೆ, ಎಬಿಎಸ್ ತನ್ನ ಕೆಲಸ ಮಾಡಿತು, ಕಾರು ನೇರ ನಿಂತಿತು. ಬಲಗಡೆಯದ್ದೂ ತೆಗೆದು ಶುದ್ಧ ಮಾಡೋಣ ಅಂತ ಅಕ್ಕನ ಮಗ ಹೇಳುತ್ತಿದ್ದಾನೆ. ಅದು ಕೆಲಸ ಮಾಡುತ್ತಿರುವ ತನಕ ನಾನು ಕೈ ಹಚ್ಚುವುದಿಲ್ಲ.