ದ್ರಾಸ್‌ನಿಂದ ಮನೆಗೆ ಬರೆದ ಕಾಗದಗಳು

1999ರ ಜೂನ್, ಜುಲೈನಲ್ಲಿ ನಾನು ಕಾರ್ಗಿಲ್ ಹತ್ತಿರದ ದ್ರಾಸ್‌ನಲ್ಲಿದ್ದೆ, ಬೋಫೋರ್ಸ್ ತೋಪಿನ ತಂಡದಲ್ಲಿ. ಊರು ಹಾಸನದ ಕಡೆ ಒಂದು ಹಳ್ಳಿ. ಕಾರ್ಗಿಲ್ ಯುದ್ಧ ಮುಗಿಯುವ ತನಕ ಮನೆಗೆ ಹೇಗೆ ಕಾಗದ ಬರೆದೆ ಅಂತ ಕೇಳುವವರಿದ್ದಾರೆ. ಅದಕ್ಕೇ ಇದು.

ಕಾಗದದ ಮೇಲೆ ಅಪ್ಪನ ಹೆಸರು. ಓದುವವಳು ತಂಗಿ. ಕೇಳುವವರು ಇಡೀ ಮನೆ, ಜೊತೆಗೆ ಅಕ್ಕಪಕ್ಕದವರು. ಅವ್ವನಿಗೆ ಓದು ಬಾರದು. ಹಾಗಾಗಿ ಗಟ್ಟಿಯಾಗಿ ಓದಿದರೆ ಹೇಗೆ ಕೇಳಿಸುತ್ತೆ ಅಂತ ಯೋಚಿಸಿಯೇ ಬರೆಯುತ್ತಿದ್ದೆ. "ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ." ಈ ಕ್ಷೇಮದ ಮಾತು ಕಿವಿಗೆ ಬೀಳುವ ತನಕ ಅವ್ವನಿಗೆ ಬೇರೇನೂ ತಲೆಗೆ ಹೋಗುತ್ತಿರಲಿಲ್ಲ.

ಹೆಂಡತಿಗೆ ಬೇರೆ ಕಾಗದ ಬರೆಯುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಆಗ ಅವಳು ಬಸುರಿ. "ಅವ್ವಾ, ನಿನ್ನ ಸೊಸೆ ಬಾವಿಯಿಂದ ನೀರು ಸೇದೋದು ಬೇಡ" ಅಂತ ಬರೆಯುತ್ತಿದ್ದೆ. ಅದು ಯಾರಿಗೆ ಬರೆದದ್ದು ಅಂತ ಅವಳಿಗೆ ಗೊತ್ತಾಗುತ್ತಿತ್ತು.

ಜಾಗದ ಹೆಸರು ಬರೆಯುವ ಹಾಗಿರಲಿಲ್ಲ. ನನ್ನ ನಂಬರು, ಯೂನಿಟ್ಟು, 56 ಎಪಿಒ ಅನ್ನುವ ಸೇನೆಯ ಅಂಚೆ ವಿಳಾಸ, ಅಷ್ಟೇ. ಆದರೆ ಟಿವಿಯಲ್ಲಿ ದಿನಾ ಬೋಫೋರ್ಸ್ ತೋಪು ತೋರಿಸುತ್ತಿದ್ದರಲ್ವಾ! ನಾನು ಯಾವ ತೋಪಿನಲ್ಲಿದ್ದೇನೆ ಅಂತ ಅಪ್ಪನಿಗೆ ಗೊತ್ತಿತ್ತು. ಸುಮ್ನೆ ಆರಾಮಾಗಿದ್ದೇನೆ ಅಂದರೆ ನಂಬುತ್ತಿರಲಿಲ್ಲ. "ಕೆಲಸ ಜಾಸ್ತಿ, ನಿದ್ದೆ ಕಮ್ಮಿ, ಊಟಕ್ಕೇನೂ ತೊಂದರೆ ಇಲ್ಲ" ಅಂತ ಬರೆಯುತ್ತಿದ್ದೆ. ಅದು ನಿಜವೇ. ಆ ಕಡೆಯಿಂದಲೂ ಶೆಲ್ ಬೀಳುತ್ತಿದ್ದದ್ದನ್ನು ಮಾತ್ರ ಬರೆಯಲಿಲ್ಲ. ಬರೆಯದೆ ಇದ್ದದ್ದೇ ಸರಿ ಅಂತ ಇವತ್ತಿಗೂ ಅನ್ನಿಸುತ್ತದೆ.

ಫೈರಿಂಗ್ ನಿಂತಾಗಲೇ ಬರೆಯಬೇಕು. ನಮ್ಮ ಒಂದೊಂದು ಶೆಲ್ಲೂ 40 ಕಿಲೋಗಿಂತ ಜಾಸ್ತಿ ತೂಕ. ಎತ್ತಿ ಎತ್ತಿ ಕೈ ನಡುಗುತ್ತಿತ್ತು. ಅಕ್ಷರ ಸೊಟ್ಟಗಾದರೆ ಮನೆಯಲ್ಲಿ ಗಾಬರಿಯಾಗುತ್ತಾರೆ. ಅದಕ್ಕೆ ಕೈ ಹದಕ್ಕೆ ಬರುವ ತನಕ ಕೂತಿದ್ದು, ಖಾಲಿ ಪೆಟ್ಟಿಗೆ ಮೇಲೆ ಇನ್‌ಲ್ಯಾಂಡ್ ಲೆಟರ್ ಇಟ್ಟುಕೊಂಡು ದುಂಡಗೆ ಬರೆಯುತ್ತಿದ್ದೆ. ಚಳಿಗೆ ಬಾಲ್‌ಪೆನ್ ನಿಂತುಹೋದರೆ ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡುವುದು.

ತಾರೀಕಿನ ಪಕ್ಕ ನಂಬರ್ ಹಾಕುತ್ತಿದ್ದೆ. ಡಾಕ್, ಅಂದರೆ ಅಂಚೆ, ಹಿಂದುಮುಂದಾಗಿ ಬರುತ್ತಿತ್ತು. ನಂಬರ್ ಇದ್ದರೆ ಯಾವುದು ತಪ್ಪಿತು ಅಂತ ತಿಳಿಯುತ್ತದೆ.

ಇನ್ನೊಂದು, ಕೇಳುವುದನ್ನು ಬಿಡಿಸಿ ಕೇಳಬೇಕು. "ಎಲ್ಲರೂ ಚೆನ್ನಾಗಿದ್ದೀರಾ" ಅಂದರೆ "ಚೆನ್ನಾಗಿದ್ದೇವೆ" ಅಂತ ಬರುತ್ತೆ, ಅಲ್ಲಿಗೆ ಮುಗೀತು. ನಮ್ಮ ಕಡೆ ಮುಂಗಾರಿಗೆ ಆಲೂಗಡ್ಡೆ ಹಾಕುತ್ತಾರೆ. "ಬಿತ್ತನೆ ಗಡ್ಡೆ ಎಲ್ಲಿಂದ ತಂದಿರಿ? ಕೆಳಗಿನ ಹೊಲದಲ್ಲಿ ನೀರು ನಿಂತಿದೆಯಾ?" ಅಂತ ಕೇಳಿದೆ. ತಂಗಿ ಪುಟ ತುಂಬಾ ಬರೆದಳು. ಮಳೆ ಬಿಡುತ್ತಿಲ್ಲ, ಎಲೆಗೆ ಅಂಗಮಾರಿ ರೋಗ ಬಿದ್ದಿದೆ, ಅಪ್ಪ ಸಾಲ ಮಾಡಿ ಔಷಧಿ ಹೊಡೆಸಿದ್ದಾರೆ. ನಮ್ಮ ತೋಪಿನಲ್ಲಿ ಬಿಹಾರ, ಹರಿಯಾಣದ ರೈತರ ಮಕ್ಕಳಿದ್ದರು. ಅವರಿಗೆ ಅದನ್ನು ಹಿಂದಿಯಲ್ಲಿ ಓದಿ ಹೇಳಿದೆ. ಆಮೇಲೆ ಪ್ರತಿ ಸಲ ಡಾಕ್ ಬಂದಾಗಲೂ, ನಾನು ಕಾಗದ ಬಿಚ್ಚುವ ಮೊದಲೇ, ಆಲೂಗಡ್ಡೆ ಏನಾಯ್ತು ಅಂತ ಅವರೇ ಕೇಳುತ್ತಿದ್ದರು.