ಕೆಟ್ಟು ನಿಂತ ಬೋಟಿಗೆ ಹಗ್ಗ ಎಸೆಯುವ ಮೊದಲು

ಗೋವಾದ ಮಾಂಡವಿ ನದಿಯಲ್ಲಿ ರಜೆಯ ದಿನ ಕೈ ಬೀಸುವವರಿಗೆ ಬರವಿಲ್ಲ. ಕ್ಯಾಸಿನೊ ಹಡಗಿನಿಂದ, ಫೆರಿಯಿಂದ, ಪ್ರವಾಸಿಗಳ ಬೋಟಿನಿಂದ ಎಲ್ಲರೂ ಬೀಸುತ್ತಾರೆ. ಆಪತ್ತಿನಲ್ಲಿರುವವನ ಕೈ ಬೇರೆ. ಎರಡೂ ತೋಳು ಅಗಲಿಸಿ ನಿಧಾನಕ್ಕೆ ಮೇಲೆತ್ತಿ ಇಳಿಸುವುದು ಅಂತರರಾಷ್ಟ್ರೀಯ ನಿಯಮದಲ್ಲೇ ಇರುವ ಸಂಕೇತ. ಅದು ಗೊತ್ತಿಲ್ಲದವರು ಅಂಗಿ ಬಿಚ್ಚಿ ಬೀಸುತ್ತಾರೆ, ಇಲ್ಲವೇ ನಾಚಿಕೊಂಡು ಸುಮ್ಮನೆ ಕೂತಿರುತ್ತಾರೆ. ಹಾಗಾಗಿ ನಾನು ಕೈಗಿಂತ ಬೋಟನ್ನು ನೋಡುತ್ತೇನೆ. ಗಾಳಿಗೆ ಅಡ್ಡ ತಿರುಗಿ ತೇಲುತ್ತಿದ್ದು, ಹಿಂದೆ ಎಂಜಿನ್ ಮುಚ್ಚಳ ತೆಗೆದು ಇಬ್ಬರು ಬಗ್ಗಿದ್ದರೆ, ಕೇಳದೆ ಮುಂದೆ ಹೋಗುವ ಹಾಗಿಲ್ಲ.

ನನ್ನದು ಹದಿನಾರು ಅಡಿಯ ಫೈಬರ್ ಬೋಟು, 40 ಎಚ್‌ಪಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಹೊರಗೆ ಕೂರಿಸುವ ಎಂಜಿನ್. ಪಣಜಿಯಿಂದ ಅಳಿವೆವರೆಗೆ, ಒಮ್ಮೊಮ್ಮೆ ಕುಂಬಾರ್ಜುವೆ ಕಾಲುವೆ ಹಿಡಿದು ಜುವಾರಿ ನದಿಗೆ. ಕಾರವಾರ, ಅಂಕೋಲೆ, ಹುಬ್ಬಳ್ಳಿಯಿಂದ ಬಂದು ಗೋವಾದಲ್ಲಿ ನೆಲೆಸಿದ ನಾವು ನಾಲ್ಕೈದು ಬೋಟಿನವರು ಹೀಗೆ ಕೆಟ್ಟು ನಿಂತ ಬೋಟಿಗೆ ನೆರವಾಗಲು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. (ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿ ಮಾಂಡವಿ. ‘ನಮ್ಮ ನೀರಲ್ಲೇ ಬೋಟ್ ಬಿಡ್ತೀವಲ್ರೀ’ ಎಂದು ಹುಬ್ಬಳ್ಳಿಯವರು ನಗುತ್ತಾರೆ, ಗೋವಾದವರಿಗೆ ಕೇಳಿಸದ ಹಾಗೆ.)

ಹತ್ತಿರ ಹೋದ ಕೂಡಲೇ ನನ್ನ ಮೊದಲ ಮಾತು, ‘ಲಂಗರು ಬಿಟ್ಟಿದ್ದೀರಾ?’ ಬಹಳ ಜನ ಬಿಟ್ಟಿರುವುದಿಲ್ಲ. ಎಲ್ಲರ ಗಮನ ಎಂಜಿನ್ ಮೇಲೆ, ಬೋಟು ಮಾತ್ರ ಇಳಿತದ ಜೊತೆ ಅಗ್ವಾದ ಬಾರಿನ (ಅಳಿವೆ ಬಾಯಿಯ ಮರಳ ದಿಬ್ಬದ) ಕಡೆಗೆ ಸಾಗುತ್ತಿರುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಎದ್ದು ಇಳಿತಕ್ಕೆ ಎದುರು ನಿಂತರೆ ಆ ಮರಳ ದಿಬ್ಬದ ಮೇಲೆ ತೆರೆ ಕಡಿದಾಗಿ ಮುರಿಯುತ್ತದೆ. ನೀರಿನ ಆಳದ ಐದು ಪಟ್ಟು ಹಗ್ಗ ಬಿಡಿಸಿ ಲಂಗರು ಕಚ್ಚಿಸಿದರೆ ಯೋಚಿಸಲು ಸಮಯ ಸಿಗುತ್ತದೆ. ಸರಕು ಹೊರುವ ಬಾರ್ಜ್ ಓಡುವ ದಾರಿಯಲ್ಲಿದ್ದರೆ ಮಾತ್ರ ಲಂಗರಲ್ಲ, ಮೊದಲು ಪಕ್ಕಕ್ಕೆ ಎಳೆಯುವುದು. ತುಂಬಿದ ಬಾರ್ಜ್ ನಮಗಾಗಿ ನಿಲ್ಲಲಾರದು. ಆಮೇಲೆ ಎಷ್ಟು ಜನ, ಯಾರಿಗಾದರೂ ಪೆಟ್ಟಾಗಿದೆಯೇ, ಒಳಗೆ ನೀರು ಬರುತ್ತಿದೆಯೇ ಎಂದು ಕೇಳಿ, ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸುತ್ತೇನೆ.

ಎಳೆಯುವ ಮುನ್ನ ಐದು ನಿಮಿಷ ತಪಾಸಣೆ. ನಾನು ಅವರ ಬೋಟಿಗೆ ಹತ್ತುವುದಿಲ್ಲ, ಮುಟ್ಟುವುದೂ ಇಲ್ಲ. ಇಲ್ಲಿಂದಲೇ ಕೇಳುತ್ತೇನೆ, ಅವರೇ ನೋಡುತ್ತಾರೆ. ಎಂಜಿನ್ ತಕ್ಷಣ ಆರಿಸುವ ಕಿಲ್ ಸ್ವಿಚ್ಚಿನ ಕೆಂಪು ದಾರದ ಕ್ಲಿಪ್ ಕೂತಿದೆಯೇ? ಗೇರ್ ನ್ಯೂಟ್ರಲ್‌ನಲ್ಲಿದೆಯೇ? ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ? ಅದು ಮುಚ್ಚಿದ್ದರೆ ಎಂಜಿನ್ ಸ್ವಲ್ಪ ಹೊತ್ತು ಓಡಿ ಸಾಯುತ್ತದೆ, ಪೈಪಿನ ನಡುವಿನ ರಬ್ಬರ್ ಉಂಡೆ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿರುತ್ತದೆ. ಎಷ್ಟು ಒತ್ತಿದರೂ ಉಂಡೆ ಗಟ್ಟಿಯಾಗದಿದ್ದರೆ ಟ್ಯಾಂಕ್ ಖಾಲಿ, ಅಥವಾ ಎಲ್ಲೋ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆ. ಉಂಡೆಯ ಮೇಲಿನ ಬಾಣ ಎಂಜಿನ್ ಕಡೆಗಿರಬೇಕು. ತಿರುಗಿಸಿ ಹಾಕಿದವರೂ ಇದ್ದಾರೆ. ಬ್ಯಾಟರಿ ಸತ್ತಿದ್ದರೆ, ಸುಮಾರು ಔಟ್‌ಬೋರ್ಡ್‌ಗಳ ಫ್ಲೈವೀಲ್‌ನಲ್ಲಿ (ಎಂಜಿನ್ ಮೇಲೆ ತಿರುಗುವ ಭಾರದ ಚಕ್ರದಲ್ಲಿ) ಹಗ್ಗ ಸುತ್ತುವ ಕಚ್ಚು ಇರುತ್ತದೆ. ಗಂಟು ಹಾಕಿದ ಒಂದೂವರೆ ಮೀಟರ್ ಹಗ್ಗ ಸಾಕು. ಆದರೆ ಹಾಗೆ ಎಳೆಯುವಾಗ ಗೇರ್‌ನಲ್ಲಿದ್ದರೂ ಎಂಜಿನ್ ಶುರುವಾಗಬಹುದು, ಬೋಟು ಜಿಗಿದು ಜನ ನೀರಿಗೆ ಬೀಳಬಹುದು.

ಇಂಧನ ಮುಗಿದಿದ್ದರೆ ನನ್ನ ಬಳಿ ಐದು ಲೀಟರಿನ ಕ್ಯಾನ್ ಇದೆ, ಅದರಲ್ಲಿ ಆಯಿಲ್ ಬೆರೆಸದ ಪೆಟ್ರೋಲ್. ಪಕ್ಕದಲ್ಲೇ 100 ಮಿಲಿ ಟೂ-ಸ್ಟ್ರೋಕ್ ಆಯಿಲಿನ ಬಾಟಲಿ. 50:1ರ ಲೆಕ್ಕದಲ್ಲಿ ಲೀಟರಿಗೆ 20 ಮಿಲಿ. ಬೇರೆಯಾಗಿಯೇ ಇಡುವುದಕ್ಕೆ ಕಾರಣವಿದೆ: ಫೋರ್-ಸ್ಟ್ರೋಕ್‌ನವರಿಗೆ ಪೆಟ್ರೋಲ್ ಹಾಗೇ ಕೊಡಬಹುದು, ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್‌ಗೆ ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನಾವು ಉಪಕಾರ ಮಾಡಲು ಹೋಗಿ ಅವರ ಎಂಜಿನ್ ಸುಟ್ಟಂತಾಗುತ್ತದೆ. ಸುರಿಯುವಾಗ ಎರಡೂ ಎಂಜಿನ್ ಬಂದ್, ಬೀಡಿ ಸಿಗರೇಟು ಬಂದ್. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಕೂತುಬಿಡುತ್ತದೆ.

ಪ್ರೊಪೆಲ್ಲರಿಗೆ ಬಲೆ ಸುತ್ತಿದ್ದರೆ ಎಂಜಿನ್ ಎತ್ತಿ ಒಳಗಿನಿಂದಲೇ ಬಿಡಿಸಬೇಕು. ಕುಂಬಾರ್ಜುವೆಯಲ್ಲಿ ನೀರಿಗಿಳಿಯುವ ಮಾತೇ ಇಲ್ಲ, ಅಲ್ಲಿ ಮೊಸಳೆಗಳಿವೆ. ಬಲೆ ಯಾರದೋ ಅನ್ನ. ಅಗತ್ಯವಿದ್ದಷ್ಟೇ ಕತ್ತರಿಸಿ.

ಇದ್ಯಾವುದೂ ಆಗದಿದ್ದರೆ ಎಳೆಯುವುದು. ಹಗ್ಗದ ವಿಷಯದಲ್ಲಿ ನಾನು ಹಟಮಾರಿ: 12 ಮಿಲಿಮೀಟರ್ ನೈಲಾನ್, 30 ಮೀಟರ್. ನೈಲಾನ್ ಹಿಗ್ಗುತ್ತದೆ, ತೆರೆಯ ಜಗ್ಗಾಟವನ್ನು ನುಂಗುತ್ತದೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಪಿಪಿ (ಪಾಲಿಪ್ರೊಪಿಲೀನ್) ಹಗ್ಗ ತೇಲುತ್ತದೆ ನಿಜ, ಆದರೆ ಬಿಸಿಲಿಗೆ ಪುಡಿಯಾಗುತ್ತದೆ, ಗಂಟು ಜಾರುತ್ತದೆ. ನೈಲಾನಿನ ದೋಷ ಮುಳುಗುವುದು, ಸಡಿಲಾದ ಕೂಡಲೇ ಪ್ರೊಪೆಲ್ಲರಿಗೆ ಸುತ್ತುವುದು. ಅದಕ್ಕೆ ನನ್ನ ಕಡೆಯ ಮೊದಲ ಕೆಲವು ಮೀಟರಿಗೆ ಬಲೆಯ ತೇಲುಬುಂಡೆಗಳನ್ನು ಪೋಣಿಸಿದ್ದೇನೆ.

ಗಾಳಿ ಅವರಿಂದ ನನ್ನ ಕಡೆ ಬೀಸುವ ಬದಿಯಿಂದ, ಗಾಳಿಗೆ ಮುಖ ಮಾಡಿ ಹೋಗುತ್ತೇನೆ. ಆಗ ಎಂಜಿನ್ ನಿಂತರೂ ನಾನು ಅವರ ಮೇಲೆ ಬೀಳುವುದಿಲ್ಲ. ಭಾರದ ಹಗ್ಗ ಎಸೆಯುವುದಿಲ್ಲ. 15 ಮೀಟರ್ ತೆಳು ಹಗ್ಗದ ತುದಿಗೆ ಕಾಲುಭಾಗ ನೀರಿನ ಪ್ಲಾಸ್ಟಿಕ್ ಬಾಟಲಿ ಕಟ್ಟಿ, ಅವರ ಬೋಟಿನ ಆಚೆಗೆ ಬೀಳುವಂತೆ ಎಸೆಯುತ್ತೇನೆ. ಅದನ್ನು ಎಳೆದುಕೊಂಡರೆ ದೊಡ್ಡ ಹಗ್ಗ ಬರುತ್ತದೆ.

ಅವರು ಕಟ್ಟಬೇಕಾದ್ದು ಬೋಟಿನ ಮೂತಿಯ (ಮುಂತುದಿಯ) ಕೆಳಗೆ ಟ್ರೇಲರಿನ ಕೊಕ್ಕೆ ಹಾಕುವ ಸ್ಟೀಲ್ ಬಳೆಗೆ, ಕಂಬಿ ಕಟಕಟೆಗಲ್ಲ. ಮೇಲಿನ ಕ್ಲೀಟಿಗೆ (ಹಗ್ಗ ಸುತ್ತುವ ಎರಡು ಕೊಂಬಿನ ಗೂಟಕ್ಕೆ) ಕಟ್ಟಿದರೆ ಮೂತಿ ಕೆಳಗೆ ಒತ್ತಿಕೊಳ್ಳುತ್ತದೆ, ಸಣ್ಣ ಸ್ಕ್ರೂಗಳಾದರೆ ಕಿತ್ತೇ ಬರುತ್ತದೆ. ನನ್ನ ಕಡೆ ಹಿಂಭಾಗದ ಎರಡೂ ಮೂಲೆಗೆ ಐದು ಮೀಟರಿನ ಇನ್ನೊಂದು ಹಗ್ಗ ಕಟ್ಟಿ, ಎಳೆಯುವ ಹಗ್ಗದ ಬೋಲೈನ್ (ಎಳೆದರೂ ಕುಗ್ಗದ ಗಂಟಿನ) ಕುಣಿಕೆ ಅದರ ಮೇಲೆ ಜಾರುವಂತೆ ಬಿಡುತ್ತೇನೆ. ಒಂದೇ ಮೂಲೆಗೆ ಕಟ್ಟಿದರೆ ಬೋಟು ಆ ಕಡೆಗೇ ತಿರುಗುತ್ತಾ ಹೋಗುತ್ತದೆ. ಬೋಲೈನ್ ಗಂಟು ಬಿಗಿ ಇರುವಾಗ ಬಿಚ್ಚದು, ಆದ್ದರಿಂದ ಆ ಐದು ಮೀಟರಿನ ಒಂದು ತುದಿಗೆ ಗಂಟಿಲ್ಲ, ಕ್ಲೀಟಿಗೆ ಎಂಟರ ಸುತ್ತು ಮಾತ್ರ. ಬೇಡವೆಂದಾಗ ಬಿಡಲು ಬರಬೇಕು. ಚಾಕು ಕೈಗೆ ಸಿಗುವಲ್ಲಿ ಇರುತ್ತದೆ.

ಅವರ ಜನ ಹಿಂದೆ, ನಡುವೆ ಕೂರಬೇಕು. ಮೂತಿ ಹಗುರವಾದಷ್ಟೂ ಬೋಟು ಅಡ್ಡಾಡುವುದಿಲ್ಲ. ಎಂಜಿನ್ ಎತ್ತಿರಬೇಕು. ಅಡ್ಡಾಟ ನಿಲ್ಲದಿದ್ದರೆ ಅರ್ಧ ಇಳಿಸಿ ನೇರ ಹಿಡಿದರೆ ಅದೇ ಚುಕ್ಕಾಣಿಯಾಗುತ್ತದೆ. ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು, ತುಂಡಾದ ನೈಲಾನ್ ಚಾಟಿಯಂತೆ ಹಿಂದೆ ಬರುತ್ತದೆ. ಐಡಲ್‌ನಲ್ಲೇ ಗೇರ್ ಹಾಕಿ ಸಡಿಲು ತೆಗೆದು, ಆಮೇಲೆ ನಾಲ್ಕು ನಾಟ್, ಅಂದರೆ ಗಂಟೆಗೆ ಏಳು ಕಿಲೋಮೀಟರ್. ಅದಕ್ಕಿಂತ ಜೋರು ಮಾಡಿದರೆ ಇಂಧನ ಸುಡುತ್ತದೆ, ದಾರಿ ಸಾಗದು. ತೆರೆಯಿದ್ದರೆ ಎರಡೂ ಬೋಟು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವಂತೆ ಹಗ್ಗದ ಉದ್ದ ಹೊಂದಿಸಬೇಕು.

ಬೋಟು ಕಟ್ಟುವ ಧಕ್ಕೆಯ ಹತ್ತಿರ ಈ ವ್ಯವಸ್ಥೆ ಕೈಕೊಡುತ್ತದೆ. ನಾನು ನಿಂತರೂ ಹಿಂದಿನದು ನಿಲ್ಲುವುದಿಲ್ಲ, ಅದಕ್ಕೆ ಬ್ರೇಕ್ ಇಲ್ಲ. ನೂರು ಮೀಟರ್ ಇರುವಾಗಲೇ ನಿಲ್ಲಿಸಿ, ಹಳೆಯ ಟೈರು ಇಳಿಬಿಟ್ಟು, ಅವರನ್ನು ಮಗ್ಗುಲಿಗೆ ಕಟ್ಟಿಕೊಳ್ಳುತ್ತೇನೆ. ನನ್ನ ಪ್ರೊಪೆಲ್ಲರ್ ಅವರ ಹಿಂಭಾಗಕ್ಕಿಂತ ಹಿಂದಿರಬೇಕು, ಇಲ್ಲದಿದ್ದರೆ ತಿರುಗಿಸುವ ಹಿಡಿತ ಸಿಗದು. ನನ್ನ ಮೂತಿಯಿಂದ ಅವರ ಹಿಂಭಾಗಕ್ಕೆ ಹೋಗುವ ಓರೆ ಹಗ್ಗವೇ ಅವರನ್ನು ಮುಂದಕ್ಕೆ ಒಯ್ಯುವುದು. ಹಿಂದಿನಿಂದ ಅವರ ಮುಂಭಾಗಕ್ಕೆ ಹೋಗುವುದು ರಿವರ್ಸ್ ಹಾಕಿದಾಗ ತಡೆಯುತ್ತದೆ. ಸಡಿಲು ಕಟ್ಟಿದರೆ ಎರಡು ಬೋಟು ಗುದ್ದಾಡಿ ಫೈಬರ್ ಸೀಳುತ್ತದೆ. ಬೋಟುಗಳ ನಡುವೆ ಕೈ ಕಾಲು ಇಡಬಾರದು.

ಮರಳಿಗೆ ಕೂತ ಬೋಟಿನ ಲೆಕ್ಕ ಬೇರೆ. ದೊಡ್ಡ ಭರತಿಯಲ್ಲಿ ಏರಿಳಿತ 1.8 ಮೀಟರ್ ಎಂದಿಟ್ಟುಕೊಂಡರೆ, ಅದನ್ನು ಹನ್ನೆರಡು ಪಾಲು ಮಾಡಿ: ಆರು ಗಂಟೆಯಲ್ಲಿ ಕ್ರಮವಾಗಿ ಒಂದು, ಎರಡು, ಮೂರು, ಮೂರು, ಎರಡು, ಒಂದು ಪಾಲು ಇಳಿಯುತ್ತದೆ. ಮೂರನೇ ಗಂಟೆಯಲ್ಲಿ 45 ಸೆಂಟಿಮೀಟರ್, ಅಂದರೆ ಇಪ್ಪತ್ತು ನಿಮಿಷಕ್ಕೆ 15. ಇಳಿತದಲ್ಲಿ ಮೊದಲ ಹತ್ತು ನಿಮಿಷ ಮಾತ್ರ, ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದು ನೋಡುತ್ತೇನೆ, ಅದೂ ತಳ ಒಡೆದಿಲ್ಲವೆಂದು ಖಚಿತವಾದ ಮೇಲೆ. ಆಗಲಿಲ್ಲವೇ, ಅವರ ಲಂಗರನ್ನು ಆಳದ ಕಡೆಗೆ ಒಯ್ದು ಹಾಕಿ, ಕುಡಿಯುವ ನೀರು ಕೊಟ್ಟು, ಮುಂದಿನ ಭರತಿಯವರೆಗೆ ಕಾಯಲು ಹೇಳುತ್ತೇನೆ.

ತೆರೆ ಮುರಿಯುವ ಜಾಗಕ್ಕೆ ನಾನು ಎಳೆಯಲು ಹೋಗುವುದಿಲ್ಲ. 1554ಕ್ಕೆ, ಕರಾವಳಿ ಕಾವಲು ಪಡೆಗೆ, ಕರೆ ಮಾಡಿ ಅಥವಾ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಹೇಳಿ, ಕಣ್ಣಳತೆಯಲ್ಲಿ ನಿಲ್ಲುತ್ತೇನೆ. ಜನ ನೀರಿನಲ್ಲಿದ್ದರೆ ಬೋಟಿನ ಆಸೆ ಬಿಟ್ಟು ಅವರನ್ನಷ್ಟೇ ಎತ್ತುವುದು, ಎಂಜಿನ್ ಆರಿಸಿ. ನ್ಯೂಟ್ರಲ್ ಸಾಲದು.

ದುಡ್ಡು ಕೇಳುವ ವಾಡಿಕೆ ನಮ್ಮಲ್ಲಿಲ್ಲ, ಸುಟ್ಟ ಪೆಟ್ರೋಲ್ ತುಂಬಿಸಿಕೊಟ್ಟರೆ ಬೇಡ ಎನ್ನುವುದೂ ಇಲ್ಲ. ನಮ್ಮ ಬೋಟು ಕೆಟ್ಟು, ಎಳೆದು ತಂದವರು ಮೀನುಗಾರರಾದರೆ ಲೆಕ್ಕ ಬದಲಾಗುತ್ತದೆ. ಅವರು ಬಲೆ ಎತ್ತಿಟ್ಟು ಬಂದಿರುತ್ತಾರೆ, ‘ದೇವ್ ಬರೆಂ ಕೊರುಂ’ (ದೇವರು ಒಳ್ಳೆಯದು ಮಾಡಲಿ) ಎಂಬ ಕೊಂಕಣಿಯ ಧನ್ಯವಾದ ಒಂದೇ ಸಾಲದು, ಕೇಳದೆಯೇ ಟ್ಯಾಂಕ್ ತುಂಬಿಸಿ.

ಮನೆಗೆ ಬಂದ ಮೇಲೆ ಹಗ್ಗವನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಉಜ್ಜಿ ನಯ ಹೋದ ಭಾಗವನ್ನು ಬೆರಳಲ್ಲಿ ಹುಡುಕಿ ಕತ್ತರಿಸಿ ಹಾಕುತ್ತೇನೆ. ಉಳಿದದ್ದನ್ನು ಸುತ್ತದೆ, ತುದಿಯಿಂದ ಹಾಗೇ ಬಕೆಟ್ಟಿಗೆ ತುಂಬುತ್ತೇನೆ. ಮುಂದಿನ ಸಲ ಎಳೆದರೆ ಸಿಕ್ಕಿಲ್ಲದೆ ಬರುತ್ತದೆ.