ಕಾರಿನ ಕೊಟೇಶನ್: ಈ ದುಡ್ಡು ಯಾರಿಗೆ ಹೋಗುತ್ತೆ?

ಕಾರು ತಗೊಳ್ಳೋಕೆ ಹೋದವರು ಮೊದಲು ಕೇಳುವುದೇ "ಡಿಸ್ಕೌಂಟ್ ಎಷ್ಟು?" ಅಂತ. ನಾನು ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹಾಸನದಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ ಇದೆ, ಲೆಕ್ಕ ಬರೆಯುವವಳು ನಾನೇ. ಯಾವ ಬಿಲ್ ಬಂದರೂ ಮೊದಲು ಸಾಲುಗಳನ್ನು ನೋಡುತ್ತೇನೆ, ಟೋಟಲ್ ಆಮೇಲೆ. ಕಾರಿನ ಕೊಟೇಶನ್ನಿಗೂ ಅದನ್ನೇ ಮಾಡಿದೆ.

2025ರ ಡಿಸೆಂಬರ್ ಅದು. ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18 ಪರ್ಸೆಂಟಿಗೆ ಇಳಿದಿತ್ತು. ಹಾಗಾಗಿ ಶೋರೂಮಿನಲ್ಲಿ ಏನು ಕೇಳಿದರೂ ಒಂದೇ ಉತ್ತರ: "ಜಿಎಸ್‌ಟಿನೇ ಅಷ್ಟೊಂದು ಇಳಿದಿದೆಯಲ್ಲ ಮೇಡಂ, ಇನ್ನೇನು ಇಳಿಸೋದು?" ಜಿಎಸ್‌ಟಿ ಇಳಿಸಿದ್ದು ಸರ್ಕಾರ, ಇವರಲ್ಲ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಕೊಟೇಶನ್ ಬರೆದು ಕೊಡಿ ಅಂದೆ ಅಷ್ಟೇ.

ಮೊದಲು ಕೊಟ್ಟಿದ್ದು ಒಂದೇ ಸಾಲಿನ ಚೀಟಿ. ಆನ್‌ರೋಡ್, ಅಂದರೆ ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿ, 12 ಲಕ್ಷ ಚಿಲ್ಲರೆ. ಅದನ್ನು ವಾಪಸ್ ಕೊಟ್ಟು, ಬಿಡಿಸಿ ಬರೆಯಿರಿ, ಸೀಲ್ ಹಾಕಿ ಅಂತ ಹೇಳಿದೆ. ಸ್ವಲ್ಪ ಗೊಣಗಿದರು, ಆದರೂ ಪ್ರಿಂಟ್ ತೆಗೆದು ಕೊಟ್ಟರು. ಅದರಲ್ಲಿದ್ದದ್ದು ಹೀಗೆ: ಎಕ್ಸ್-ಶೋರೂಮ್ (ಗಾಡಿಯ ಬೆಲೆ) 9,60,000. ಆರ್‌ಟಿಓ 1,62,000. ಇನ್ಶೂರೆನ್ಸ್ 52,400. ಹ್ಯಾಂಡ್ಲಿಂಗ್ 9,500. ಎಸೆನ್ಷಿಯಲ್ ಕಿಟ್ 18,900. ಕೋಟಿಂಗ್ 14,000. ಎಕ್ಸ್‌ಟೆಂಡೆಡ್ ವಾರಂಟಿ 16,500. ಫಾಸ್ಟ್ಯಾಗ್ 600. ಒಟ್ಟು 12,33,900. ಅದರಲ್ಲಿ 25,000 ಕಂಪನಿ ಆಫರ್ ಕಳೆದು 12,08,900.

ಮನೆಗೆ ತಂದು ಪ್ರತಿ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಬರೆದುಕೊಂಡೆ, ಈ ದುಡ್ಡು ಯಾರಿಗೆ ಹೋಗುತ್ತೆ ಅಂತ. ಕಂಪನಿಗಾ, ಸರ್ಕಾರಕ್ಕಾ, ಇನ್ಶೂರೆನ್ಸ್‌ನವರಿಗಾ, ಶೋರೂಮಿಗಾ? ಸರ್ಕಾರಕ್ಕೆ ಹೋಗುವುದರಲ್ಲಿ ಚೌಕಾಸಿ ನಡೆಯಲ್ಲ, ಆದರೆ ಅದು ಸರಿಯಾದ ಮೊತ್ತವೇ ಅಂತ ನೋಡಬಹುದು. ಶೋರೂಮಿಗೆ ಹೋಗುವುದೆಲ್ಲ ಮಾತಾಡೋಕೆ ಸಿಗುವ ದುಡ್ಡು.

ಆರ್‌ಟಿಓ ಸಾಲನ್ನು ಸುಮಾರು ಜನ ಮುಟ್ಟುವುದೇ ಇಲ್ಲ. ಸರ್ಕಾರದ ದುಡ್ಡು, ನಾವೇನು ಮಾಡೋಕಾಗುತ್ತೆ ಅಂತ ಬಿಟ್ಟುಬಿಡುತ್ತಾರೆ. ನಾನು ಕೊಂಡಾಗ ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ 14 ಪರ್ಸೆಂಟ್, ಆ ತೆರಿಗೆಯ ಮೇಲೆ 11 ಪರ್ಸೆಂಟ್ ಸೆಸ್. 9,60,000ಕ್ಕೆ 1,34,400. ಸೆಸ್ ಸೇರಿದರೆ 1,49,184. ರಿಜಿಸ್ಟ್ರೇಶನ್ ಫೀ 600, ಕಾರ್ಡಿಗೆ 200, ಸಾಲ ಇದ್ದರೆ ಹೈಪಾಥಿಕೇಶನ್ (ಗಾಡಿ ಬ್ಯಾಂಕಿಗೆ ಅಡ ಅಂತ ಬರೆಸೋದು) 1,500. ಇನ್ನೊಂದು ಸಾವಿರ ರೂಪಾಯಿ ಸೆಸ್. ಎಷ್ಟು ಎಳೆದರೂ 1,52,500 ದಾಟಲ್ಲ. ಚೀಟಿಯಲ್ಲಿದ್ದದ್ದು 1,62,000. ಮಧ್ಯದ 9,500 ಏನು ಅಂತ ಕೇಳಿದರೆ "ಆರ್‌ಟಿಓ ಕೆಲಸದ ಖರ್ಚು" ಅಂದರು. ಈಗ ರಿಜಿಸ್ಟ್ರೇಶನ್ ಅರ್ಜಿಯನ್ನು ಡೀಲರೇ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ಹಾಕುವುದು. ನಂಬರ್ ಪ್ಲೇಟೂ ಬೇರೆ ಖರ್ಚಲ್ಲ, 2019ರ ಏಪ್ರಿಲ್‌ನಿಂದ ಹೊಸ ಗಾಡಿಯ ಜೊತೆಗೇ ಬರಬೇಕು. ತೆರಿಗೆ ರಸೀದಿ ಎಷ್ಟಕ್ಕೆ ಬರುತ್ತೋ ಅಷ್ಟೇ ಕೊಡ್ತೀನಿ ಅಂದೆ. ಇದರ ಬಗ್ಗೆ ಜಾಸ್ತಿ ಜಗಳ ಆಗಲಿಲ್ಲ. ಲೆಕ್ಕ ಹಾಕಿಕೊಂಡು ಬಂದಿದ್ದಾರೆ ಅಂತ ಗೊತ್ತಾದ ತಕ್ಷಣ ಆ ಸಾಲು ತಾನಾಗೇ ತೆಳ್ಳಗಾಯಿತು.

ಇದೇ ತೆರಿಗೆಯಲ್ಲಿ ಇನ್ನೊಂದು ವಿಷಯ ಇದೆ. ಸೇಲ್ಸ್ ಹುಡುಗ ಪದೇ ಪದೇ ಮೇಲಿನ ವೇರಿಯಂಟ್ ತೋರಿಸುತ್ತಿದ್ದ. ಸನ್‌ರೂಫ್ ಇದೆ, 10,10,000. "ಐವತ್ತೇ ಸಾವಿರ ಸಾರ್, ಇಎಂಐನಲ್ಲಿ ಗೊತ್ತೇ ಆಗಲ್ಲ." (ಪ್ರಶ್ನೆ ಕೇಳುತ್ತಿದ್ದವಳು ನಾನು, ಉತ್ತರ ಮಾತ್ರ ನಮ್ಮ ಯಜಮಾನರಿಗೆ ಹೋಗುತ್ತಿತ್ತು. ಅವರು ಪಾಪ ಸನ್‌ರೂಫ್ ಕಡೆಗೇ ನೋಡುತ್ತಿದ್ದರು.) ಆದರೆ ಬೆಲೆ 10 ಲಕ್ಷ ದಾಟಿದರೆ ತೆರಿಗೆ 17 ಪರ್ಸೆಂಟ್ ಆಗುತ್ತೆ, ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೆ. ಸೆಸ್ ಸೇರಿ 1,90,587. ಇದಲ್ಲದೆ ಗಾಡಿಯ ಬೆಲೆಗೆ ಟಿಸಿಎಸ್ (ಡೀಲರೇ ವಸೂಲಿ ಮಾಡಿ ನಮ್ಮ ಹೆಸರಲ್ಲಿ ಕಟ್ಟುವ ಇನ್‌ಕಮ್ ಟ್ಯಾಕ್ಸ್) 1 ಪರ್ಸೆಂಟ್, ಅಂದರೆ 10,100. ಐವತ್ತು ಸಾವಿರದ ವ್ಯತ್ಯಾಸ ಅಲ್ಲೇ ಕೂತು ಒಂದು ಲಕ್ಷ ದಾಟಿತು. ಟಿಸಿಎಸ್ ಏನೋ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ತೆರಿಗೆ ಹೋದದ್ದು ಹೋದ ಹಾಗೇ. ಸನ್‌ರೂಫ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅದರ ಬೆಲೆ ಐವತ್ತು ಸಾವಿರ ಅಂತ ನಂಬಬೇಡಿ, ಅಷ್ಟೇ.

ಜಗಳ ನಡೆದಿದ್ದು ಇನ್ಶೂರೆನ್ಸ್‌ನಲ್ಲಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯ) ಇನ್ಶೂರೆನ್ಸ್ ಕಡ್ಡಾಯ, 2018ರಿಂದ. ಅದರ ದರ ಸರ್ಕಾರವೇ ನಿಗದಿ ಮಾಡಿದ್ದು. ನಮ್ಮದು 1197 ಸಿಸಿ, 1000ದಿಂದ 1500 ಸಿಸಿ ಲೆಕ್ಕಕ್ಕೆ ಬರುತ್ತೆ. ಮೂರು ವರ್ಷಕ್ಕೆ 10,640 ಮತ್ತು ಜಿಎಸ್‌ಟಿ. ಎಲ್ಲಿ ಮಾಡಿಸಿದರೂ ಇಷ್ಟೇ. ಬದಲಾಗುವುದು ಗಾಡಿಗೆ ಆಗುವ ಹಾನಿಯ ಭಾಗ ಮತ್ತು ಅದಕ್ಕೆ ಅಂಟಿಸುವ ಆಡ್-ಆನ್‌ಗಳು. ಶೋರೂಮಿನ ಪಾಲಿಸಿಯಲ್ಲಿ ಜೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೈಮ್ ಕೊಡೋದು) ಜೊತೆಗೆ ಕೀ ಕಳೆದರೆ, ಟೈರ್ ಹೋದರೆ, ಲಗೇಜ್ ಕದ್ದರೆ ಅಂತೆಲ್ಲ ತುಂಬಿದ್ದರು. ಅದೇ ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ಇಟ್ಟು, ಜೀರೋ ಡೆಪ್, ಎಂಜಿನ್ ಪ್ರೊಟೆಕ್ಟ್, ರಿಟರ್ನ್ ಟು ಇನ್‌ವಾಯ್ಸ್ (ಗಾಡಿ ಪೂರ್ತಿ ಹೋದರೆ ಬಿಲ್ ಬೆಲೆ ಸಿಗೋದು) ಮೂರೇ ಹಾಕಿ ಆನ್‌ಲೈನ್‌ನಲ್ಲಿ ನೋಡಿದರೆ 37 ಸಾವಿರದ ಆಸುಪಾಸು. ಐಡಿವಿ ಒಂದೇ ಇರಬೇಕು, ಅದು ಮುಖ್ಯ. ಐಡಿವಿ ಇಳಿಸಿದರೆ ಪ್ರೀಮಿಯಂ ಇಳಿಯುತ್ತೆ, ಆದರೆ ಗಾಡಿ ಕಳುವಾದಾಗ ಸಿಗುವ ದುಡ್ಡೂ ಇಳಿಯುತ್ತೆ.

"ಹೊರಗಿನ ಇನ್ಶೂರೆನ್ಸ್ ತಂದ್ರೆ ಕ್ಯಾಶ್‌ಲೆಸ್ ಸಿಗಲ್ಲ ಮೇಡಂ."

"ನಿಮ್ಮ ವರ್ಕ್‌ಶಾಪ್ ಯಾವ್ಯಾವ ಇನ್ಶೂರೆನ್ಸ್ ಕಂಪನಿ ಜೊತೆ ಟೈ-ಅಪ್ ಇದೆ? ಆ ಪಟ್ಟಿ ಕೊಡಿ. ಅದರಲ್ಲೇ ಒಂದು ತಗೋತೀನಿ."

ಪಟ್ಟಿ ಬರಲಿಲ್ಲ, ನಾನೇ ಇನ್ಶೂರೆನ್ಸ್ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿದೆ. ಹಾಸನದ ಅದೇ ವರ್ಕ್‌ಶಾಪ್ ಹೆಸರು ಅಲ್ಲಿತ್ತು. ಆಮೇಲೆ ಶುರುವಾಯಿತು ಚಾಸಿ ನಂಬರಿನ ಆಟ. ಹೊರಗೆ ಪಾಲಿಸಿ ಮಾಡಿಸಬೇಕಾದರೆ ಚಾಸಿ ನಂಬರ್, ಎಂಜಿನ್ ನಂಬರ್ ಬೇಕು. ಪಾಲಿಸಿ ಇಲ್ಲದೆ ರಿಜಿಸ್ಟ್ರೇಶನ್ ಆಗಲ್ಲ. ನಂಬರ್ ಮಾತ್ರ "ಫುಲ್ ಪೇಮೆಂಟ್ ಆದ್ಮೇಲೆ ಕೊಡ್ತೀವಿ" ಅಂತಾರೆ. ಹೀಗೆ ಸತಾಯಿಸಿದರೆ ಜನ ಸುಸ್ತಾಗಿ ಅವರ ಪಾಲಿಸಿಗೇ ಒಪ್ಪುತ್ತಾರೆ. ನಾನು ಬುಕಿಂಗ್ ದುಡ್ಡು ಕೊಡುವ ಮುಂಚೆಯೇ, ಗಾಡಿ ಅಲಾಟ್ ಆದ ದಿನ ನಂಬರ್ ಕೊಡಬೇಕು ಅಂತ ಬುಕಿಂಗ್ ಫಾರ್ಮ್ ಮೇಲೇ ಬರೆಸಿಕೊಂಡಿದ್ದೆ. ಕ್ಯಾನ್ಸಲ್ ಆದರೆ ಪೂರ್ತಿ ವಾಪಸ್ ಅನ್ನೋದನ್ನೂ ಬರೆಸಿದ್ದೆ. ಆ ಕಾಗದ ತೋರಿಸಿದ ಮೇಲೆ ಅವರೇ ಆಡ್-ಆನ್ ಕಳಚಿ 38,000ಕ್ಕೆ ಬಂದರು. ಒಂದು ಸಾವಿರಕ್ಕೋಸ್ಕರ ಎಳೆದಾಡೋದು ಬೇಡ ಅಂತ ಒಪ್ಪಿಕೊಂಡೆ. ಕ್ಲೈಮ್ ಸಮಯದಲ್ಲಿ ಅವರ ಟೇಬಲ್ಲಿಗೇ ಹೋಗಬೇಕಲ್ವಾ.

ಹ್ಯಾಂಡ್ಲಿಂಗ್ ಚಾರ್ಜ್ ಕಥೆ ಚಿಕ್ಕದು. ಯಾರ್ಡ್‌ನಿಂದ ತರೋದು, ತೊಳೆಯೋದು ಅಂತ ವಿವರಣೆ ಕೊಟ್ಟರು. ಎಕ್ಸ್-ಶೋರೂಮ್ ಅಂದರೆ ಶೋರೂಮಿಗೆ ತಂದು ನಿಲ್ಲಿಸಿದ ಬೆಲೆ ತಾನೇ? "ಸರಿ, ಇದಕ್ಕೆ ಜಿಎಸ್‌ಟಿ ಬಿಲ್ ಕೊಡಿ" ಅಂದೆ. ಮ್ಯಾನೇಜರ್ ಬಂದು ಅದು ಬಿಲ್ಲಿನಲ್ಲಿ ಬರಲ್ಲ ಅಂದರು. ಬಿಲ್ಲಿನಲ್ಲಿ ಬರದ ದುಡ್ಡು ನಾನೂ ಕೊಡಲ್ಲ ಅಂದೆ. ಗ್ರಾಹಕರ ಆಯೋಗಗಳು ಇಂಥ ದುಡ್ಡು ವಾಪಸ್ ಕೊಡಿಸಿದ ಉದಾಹರಣೆಗಳಿವೆ, ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಎಸೆನ್ಷಿಯಲ್ ಕಿಟ್ ಬಿಚ್ಚಿ ತೋರಿಸಿ ಅಂದಾಗ ನಗು ಬಂತು. ಮ್ಯಾಟ್, ಮಡ್‌ಫ್ಲ್ಯಾಪ್, ಸೀಟ್ ಕವರ್, ಪರ್ಫ್ಯೂಮ್, ಕುತ್ತಿಗೆ ದಿಂಬು, ಡ್ಯಾಶ್‌ಬೋರ್ಡಿಗೆ ಗಣಪತಿ. ಗಣಪತಿ ನಮ್ಮನೆಯಲ್ಲೇ ಇದ್ದಾನೆ. ಮ್ಯಾಟ್ ಮಾತ್ರ 3,200ಕ್ಕೆ ತಗೊಂಡೆ, ಸೀಟ್ ಕವರ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಾಕಿಸಿದರಾಯಿತು ಅಂತ. ಆದರೆ ವೈರ್ ಮುಟ್ಟುವ ಕೆಲಸ, ಅಂದರೆ ಕ್ಯಾಮೆರಾ, ಹಾರ್ನ್, ಲೈಟ್ ಇದನ್ನೆಲ್ಲ ಹೊರಗೆ ಮಾಡಿಸಬೇಡಿ. ವೈರ್ ಕತ್ತರಿಸಿದ್ದು ಕಂಡರೆ ವಾರಂಟಿಗೆ ತಕರಾರು ತೆಗೆಯುತ್ತಾರೆ. ಕೋಟಿಂಗ್ ಪೂರ್ತಿ ಬಿಟ್ಟೆ. ಮಂಗಳೂರು, ಉಡುಪಿ ಕಡೆ ಉಪ್ಪುಗಾಳಿಯಲ್ಲಿ ಗಾಡಿ ನಿಲ್ಲಿಸುವವರು ಅಡಿಭಾಗದ ಕೋಟಿಂಗ್ ಬಗ್ಗೆ ಯೋಚನೆ ಮಾಡಬಹುದು, ಹಾಸನಕ್ಕೆ ಅದು ಯಾಕೆ? ಎಕ್ಸ್‌ಟೆಂಡೆಡ್ ವಾರಂಟಿಗೆ ಮಾತ್ರ ದುಡ್ಡು ಕೊಟ್ಟೆ, ಅದು ಕಂಪನಿಯದ್ದೇ ಅಂತ ಖಾತ್ರಿ ಮಾಡಿಕೊಂಡ ಮೇಲೆ.

ಇಷ್ಟೆಲ್ಲ ಆದ ಮೇಲೆ ಡಿಸ್ಕೌಂಟ್ ಮಾತು ಎತ್ತಿದೆ. ಅಷ್ಟೊತ್ತಿಗೆ ಮೈಸೂರಿನ ಇನ್ನೊಬ್ಬ ಡೀಲರ್‌ನಿಂದ ಅದೇ ವೇರಿಯಂಟಿಗೆ ವಾಟ್ಸಾಪ್‌ನಲ್ಲಿ ಕೊಟೇಶನ್ ತರಿಸಿದ್ದೆ. ಅಲ್ಲಿ ಕೊಂಡರೂ ಹಾಸನದ ಕೆಎ-13 ನಂಬರೇ ಸಿಗುತ್ತಿತ್ತು. ಡಿಸೆಂಬರ್ ಕೊನೆ, ಅದೂ ಧನುರ್ಮಾಸ. ಹಬ್ಬದಲ್ಲಿ, ಆಯುಧಪೂಜೆಯಲ್ಲಿ ಕ್ಯೂ ನಿಲ್ಲುವ ಜನ ಈಗ ಶೋರೂಮ್ ಕಡೆ ತಲೆ ಹಾಕಲ್ಲ. ಆಷಾಢದಲ್ಲೂ ಹೀಗೇ. ಜೊತೆಗೆ ವರ್ಷ ಕಳೆದರೆ ಅವರ ಕೈಯಲ್ಲಿ ಉಳಿದದ್ದು ಹಳೇ ವರ್ಷದ ಗಾಡಿ. ನಮ್ಮತ್ತೆ "ಧನುರ್ಮಾಸದಲ್ಲಿ ಯಾರಾದ್ರೂ ಗಾಡಿ ತಗೋತಾರೇನೇ?" ಅಂದರು. ದಿನಾ ಬೆಳಗ್ಗೆ ದೇವಸ್ಥಾನಕ್ಕೆ ಹೋಗೋ ಮಾಸ ಅದು, ದೇವರಿಗೆ ಒಳ್ಳೇದು ಗಾಡಿಗೆ ಹೆಂಗೆ ಕೆಟ್ಟದು ಅಂತ ಮಾವನೇ ಬಾಯಿ ಮುಚ್ಚಿಸಿದರು. ಇನ್ನೂ ಹತ್ತು ಸಾವಿರ ಇಳಿಯಿತು.

ಒಟ್ಟು ಕೊಟ್ಟದ್ದು 11,35,800. ಮೊದಲ ಚೀಟಿಗಿಂತ 73,100 ಕಡಿಮೆ. ಅದರಲ್ಲಿ ಕಾರಿನ ಬೆಲೆಯಲ್ಲಿ ಇಳಿದದ್ದು ಆ ಹತ್ತು ಸಾವಿರ ಮಾತ್ರ. ಉಳಿದ 63 ಸಾವಿರ ಬೇರೆ ಸಾಲುಗಳದ್ದು.

ಪೂರ್ತಿ ದುಡ್ಡು ಕಟ್ಟುವ ಮುಂಚೆ, ರಿಜಿಸ್ಟ್ರೇಶನ್ನಿಗೂ ಮುಂಚೆ, ಯಾರ್ಡಿಗೆ ಹೋಗಿ ಗಾಡಿ ನೋಡಿದೆವು. ಅವರು ಡೆಲಿವರಿ ದಿನ ನೋಡಿ ಅಂದಿದ್ದರು. ಆದರೆ ನಮ್ಮ ಹೆಸರಿಗೆ ರಿಜಿಸ್ಟರ್ ಆದ ಮೇಲೆ ಗೀರು ಕಂಡರೆ ಬದಲಾಯಿಸಿ ಕೊಡ್ತಾರಾ? ಧೂಳಿನಲ್ಲೇ ಬಾಗಿಲು, ಟೈರ್, ಗಾಜಿನ ಮೇಲಿನ ಗುರುತು ನೋಡಿದೆವು. ಚಾಸಿ ನಂಬರ್ ಫೋಟೋ ತೆಗೆದುಕೊಂಡೆ. ತಯಾರಾದ ತಿಂಗಳು ನವೆಂಬರ್ ಅಂತ ಹೇಳಿದ್ದರು, ಡೀಲರ್ ಕೊಡುವ ಮಾರಾಟದ ಸರ್ಟಿಫಿಕೇಟ್ ಫಾರ್ಮ್ 21ರಲ್ಲೂ ನವೆಂಬರ್ ಅಂತಲೇ ಇತ್ತು. ಆರ್‌ಸಿ ಬಂದ ಮೇಲೆ ತೆರಿಗೆ ರಸೀದಿ ಕೇಳಿ ತಗೊಂಡೆ, ಕಟ್ಟಿದ ದುಡ್ಡಿಗೂ ಅದಕ್ಕೂ ಹದಿನಾರು ರೂಪಾಯಿ ವ್ಯತ್ಯಾಸ. ಅದನ್ನು ಬಿಟ್ಟೆ. ಸೀಟ್ ಕವರ್ ಇನ್ನೂ ಹಾಕಿಸಿಲ್ಲ, ಜೆ.ಸಿ. ರಸ್ತೆಯಲ್ಲಿ ಪಾರ್ಕಿಂಗ್ ಸಿಗಬೇಕಲ್ಲ.